ಮೂರು ಮೂಗು, ಐದು ಗ್ಲಾಸು

ಹಾಲು ಸೀದದ್ದು ಮಹಡಿ ಮೇಲಿನವರಿಗೆ ಗೊತ್ತಾಯಿತು, ಎದುರುಮನೆಯವರಿಗೆ ಗೊತ್ತಾಯಿತು, ಬೀದಿ ಕೊನೆಯ ಕ್ಷೌರದಂಗಡಿಯವನಿಗೂ ಗೊತ್ತಾಯಿತು. ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ ಮೂಗುರಾಯರಿಗೆ ಮಾತ್ರ ಗೊತ್ತಾಗಲಿಲ್ಲ.

ಹೆಂಡತಿ ಸ್ನಾನದ ಮನೆಯಿಂದ ಒದ್ದೆ ಕೂದಲಲ್ಲೇ ಓಡಿ ಬಂದು ಪಾತ್ರೆ ಇಳಿಸಿದಳು.

"ಇವತ್ತೂ ಬಂದಿಲ್ವಾ?"

"ಬಂದಿಲ್ಲ."

"ಮೂರು ವಾರ ಆಯ್ತಲ್ರೀ! ಆಫೀಸಲ್ಲಿ ಹೇಳ್ಬಿಡಿ."

"ಮೆಲ್ಲಗೆ ಮಾತಾಡೇ! ಎದುರುಮನೆಯವರ ಕಿವಿಗೇನೂ ನೆಗಡಿ ಆಗಿಲ್ಲ."

ಬಾರದೇ ಇದ್ದದ್ದು ವಾಸನೆ. ರಾಯರು ಚಹಾ ಕಂಪನಿಯೊಂದರಲ್ಲಿ ರುಚಿ ನೋಡುವವರು. ಡಬ್ಬದ ಮುಚ್ಚಳ ತೆಗೆದರೆ ಸಾಕು, ಇದು ಯಾವ ತೋಟದ ಎಲೆ, ಯಾವ ತಿಂಗಳು ಕಿತ್ತದ್ದು ಎಂದು ಹೇಳಿಬಿಡುತ್ತಿದ್ದರು. ಹಾಗಾಗಿಯೇ ಆಫೀಸಿನವರು ಆ ಹೆಸರಿಟ್ಟದ್ದು. ಮೂರು ವಾರದ ಹಿಂದೆ ಆಫೀಸಿನಲ್ಲಿ ಹಬ್ಬಿದ ಒಂದು ನೆಗಡಿ ಅವರಿಗೂ ಬಂತು. ನೆಗಡಿ ನಾಲ್ಕು ದಿನಕ್ಕೆ ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಈಗ ರಾಯರ ಮೂಗು ಮುಖದ ಮೇಲೆ ಬರೀ ಅಲಂಕಾರಕ್ಕಿತ್ತು. ಕನ್ನಡಕ ಕೂರಿಸೋಣವೆಂದರೆ ಅವರಿಗೆ ಕನ್ನಡಕವೂ ಇರಲಿಲ್ಲ.

ಇದು ಹೊರಗೆ ಬಿದ್ದರೆ ಹದಿನೈದು ವರ್ಷದ ಕೆಲಸಕ್ಕೇ ಸಂಚಕಾರ. ಅದೂ ಎಂಥ ಹೊತ್ತಿನಲ್ಲಿ! ತಿಂಗಳ ಕೊನೆಗೆ ಚೀಫ್ ನಿವೃತ್ತರಾಗುವವರಿದ್ದರು. ರುಚಿಕೋಣೆಯಲ್ಲಿ ಅವರು ಕೂರುವ ಎತ್ತರದ ಕುರ್ಚಿ ರಾಯರಿಗೋ, ಅವರ ಜೊತೆಗಾರ ಚಷ್ಮಾನಿಗೋ ಎಂಬುದು ಇವತ್ತೇ ತೀರ್ಮಾನ. ಚೀಫರ ಅಕ್ಕ ಗುಡ್ಡದ ಮೇಲೆ ದ್ರಾಕ್ಷಿ ಬೆಳೆದು, ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್ ಮಾಡುತ್ತಿದ್ದರು. "ಎಲ್ಲಾ ಒಟ್ಟಿಗೆ ಹೋಗಿ ಬರೋಣ. ಅಲ್ಲೇ ನಿಮ್ಮಿಬ್ಬರ ಮೂಗನ್ನೂ ನೋಡಿದ ಹಾಗಾಗುತ್ತೆ," ಎಂದಿದ್ದರು ಚೀಫ್.

ರಾಯರು ಹೆದರಿದ್ದರು, ನಿಜ. ಆದರೆ ಹೆದರಿಕೆಗಿಂತ ಹುರುಪೇ ಹೆಚ್ಚಾಗಿತ್ತು. ಆ ಕುರ್ಚಿಯ ಮೇಲೆ ಅವರು ಹದಿನೈದು ವರ್ಷದಿಂದ ಕಣ್ಣಿಟ್ಟಿದ್ದರು. ಜೊತೆಗೆ ಅವರ ಹತ್ತಿರ ಒಂದು ಉಪಾಯವೂ ಇತ್ತು. ರುಚಿಕೋಣೆಯ ಉದ್ದ ಮೇಜಿನ ಮೇಲೆ ಬಟ್ಟಲುಗಳ ಸಾಲು. ಚಷ್ಮಾ ಯಾವಾಗಲೂ ರಾಯರಿಗಿಂತ ಒಂದು ಬಟ್ಟಲು ಮುಂದೆ. ಚಹಾ ಕೆಟ್ಟಿದ್ದರೆ ಅವನು ತನಗೇ ಗೊತ್ತಿಲ್ಲದೆ ಬೆರಳಿನಿಂದ ಕನ್ನಡಕ ಮೇಲಕ್ಕೆ ತಳ್ಳುತ್ತಿದ್ದ. ತಳ್ಳಿದರೆ ರಾಯರು "ಬೇಡ" ಎಂದು ಬರೆಯುವುದು, ತಳ್ಳದಿದ್ದರೆ "ಒಳ್ಳೆಯದು" ಎಂದು ಬರೆಯುವುದು. ಮೂರು ವಾರ ಹೀಗೇ ಕಳೆದಿತ್ತು, ಯಾರೂ ಚಕಾರವೆತ್ತಿರಲಿಲ್ಲ.

ಎಂಟು ಗಂಟೆಗೆ ಕಂಪನಿಯ ವ್ಯಾನು ಬಂತು. ಹೆಂಡತಿಗೆ ತವರಿನಲ್ಲಿ ಹೆಣ್ಣುಮಗು ಹುಟ್ಟಿತೆಂದು ಮೂರು ವಾರ ರಜೆ ಹಾಕಿ ಹೋಗಿದ್ದ ಡ್ರೈವರಣ್ಣ ನಿನ್ನೆಯಷ್ಟೇ ವಾಪಸಾಗಿದ್ದ. ದಾರಿಯುದ್ದಕ್ಕೂ ಮಗಳ ಕಾಲು ಎಷ್ಟು ಸಣ್ಣ ಎಂದು ಸ್ಟೇರಿಂಗ್ ಬಿಟ್ಟು ಬೆರಳಲ್ಲಿ ಅಳತೆ ತೋರಿಸುತ್ತಿದ್ದ.

"ಮಗು ಚಿಕ್ಕದೇ ಇರ್ಲಿ ಮಾರಾಯಾ, ನೀನು ಸ್ಟೇರಿಂಗ್ ಹಿಡ್ಕೋ!" ಎಂದು ಚಷ್ಮಾ ಕೂಗಿದ.

ಮುಂದಿನ ಸೀಟಿನಲ್ಲಿ ಚೀಫ್ ಸ್ಕೂಲ್ ಪ್ರವಾಸಕ್ಕೆ ಹೊರಟ ಹುಡುಗನ ಹಾಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂತಿದ್ದರು. "ಆಹಾ, ಗಾಳಿ ಎಷ್ಟು ಘಮಘಮ ಅಂತಿದೆ, ಅಲ್ವಾ ರಾಯರೇ?"

"ಘಮ ಅಂದ್ರೆ ಘಮ ಸಾರ್," ಎಂದರು ರಾಯರು ತಕ್ಷಣ.

"ಭಾಳ ಘಮ," ಎಂದ ಚಷ್ಮಾ.

ಡ್ರೈವರಣ್ಣ ಬೆರಗಾಗಿ ಮೂವರನ್ನೂ ನೋಡಿದ. ಆಗ ಅವರ ಮುಂದೆ ಹೋಗುತ್ತಿದ್ದದ್ದು ಕೋಳಿ ಗೊಬ್ಬರದ ಲಾರಿ. ದೊಡ್ಡವರ ಮಾತು ತನಗೇಕೆ ಎಂದು ತನ್ನ ಕಿಟಕಿಯ ಗಾಜು ಏರಿಸಿದ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ವಯಸ್ಸು ಎಪ್ಪತ್ತು, ಗಟ್ಟಿ ಆಳು, ಮೊಣಕಾಲವರೆಗೆ ರಬ್ಬರ್ ಬೂಟು, ಸೊಂಟದಲ್ಲಿ ಬೀಗದ ಕೈ ಗೊಂಚಲು. "ಬಾರೋ ತಮ್ಮಾ, ಎಷ್ಟು ಇಳಿದುಹೋಗಿದ್ದೀಯಾ!" ಎಂದು ಚೀಫರ ಕೆನ್ನೆ ಹಿಂಡಿದರು. ಆಫೀಸಿನಲ್ಲಿ ಕೆಮ್ಮಿದರೇ ಎಲ್ಲರೂ ನಡುಗುವ ಚೀಫ್ ಕೆನ್ನೆ ಉಜ್ಜಿಕೊಂಡು ನಿಂತರು.

ಮೂವತ್ತು ಮೆಟ್ಟಿಲಿಳಿದರೆ ನೆಲಮಾಳಿಗೆ. ಒಳಗೆ ತಂಪು. ಓರೆಯಾಗಿ ನಿಲ್ಲಿಸಿದ ಮರದ ಹಲಗೆಗಳ ತೂತುಗಳಲ್ಲಿ ಸಾವಿರಾರು ಬಾಟಲಿಗಳು ತಲೆಕೆಳಗಾಗಿ ನಿಂತಿದ್ದವು. ಅಕ್ಕ ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು, ಕರ್ರ್ ಎಂದು ಕಾಲು ಸುತ್ತು ತಿರುಗಿಸಿ ಮುಂದಕ್ಕೆ ಹೋಗುತ್ತಿದ್ದರು.

"ಬಾಟ್ಲಿ ಒಳಗೇ ಎರಡನೇ ಸಲ ಹುಳಿ ಬರುತ್ತೆ, ಅದರಿಂದಲೇ ಈ ಗುಳ್ಳೆ. ದಿನಾ ಕಾಲು ಸುತ್ತು ತಿರುಗಿಸ್ತಾ ಬಂದ್ರೆ ಗಸಿಯೆಲ್ಲಾ ಕತ್ತಿಗೆ ಇಳಿಯುತ್ತೆ. ಆಮೇಲೆ ಕತ್ತಿನಷ್ಟಕ್ಕೆ ಮಂಜುಗಟ್ಟಿಸಿ ಮುಚ್ಚಳ ತೆಗೆದ್ರೆ..."

ಢಬ್! ಗಸಿಯ ಮಂಜುಗಡ್ಡೆ ಹಾರಿ ಚಷ್ಮಾನ ಅಂಗಿಯ ಜೇಬಿಗೆ ಬಿತ್ತು. ನೊರೆ ಉಕ್ಕಿತು. ಅಕ್ಕ ಹೆಬ್ಬೆರಳಲ್ಲಿ ಬಾಟಲಿಯ ಬಾಯಿ ಮುಚ್ಚಿ ನಕ್ಕರು. ಎಲ್ಲರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು, ಚಷ್ಮಾ ಕೂಡ. "ಇನ್ನೊಂದು ತೆಗೀರಿ ಅಕ್ಕಾ!" ಎಂದು ರಾಯರು ಕುಣಿದಾಡಿದರು. ಅಷ್ಟು ಹೊತ್ತು ಕುರ್ಚಿಯ ನೆನಪೇ ಅವರಿಗೆ ಬರಲಿಲ್ಲ.

ಗ್ಲಾಸುಗಳು ತುಂಬಿದವು. "ಗಾಡಿ ಓಡಿಸ್ಬೇಕು, ನಂಗೆ ಬೇಡಕ್ಕಾ," ಎಂದು ಡ್ರೈವರಣ್ಣ ಕೈ ಮುಗಿದ. ಉಳಿದ ಮೂವರೂ ಹುಟ್ಟು ಚಹಾದವರು. ಚಹಾದ ರುಚಿ ನೋಡುವ ಕ್ರಮ ಒಂದೇ: ಬಾಯಿಗೆ ಗುಟುಕು ಹಾಕಿ, ಜೋರಾಗಿ ಗಾಳಿ ಎಳೆದು ಸುರ್ರ್ ಎನ್ನಬೇಕು, ನಾಲಿಗೆಯ ಮೇಲೆಲ್ಲ ಹರಡಿಸಬೇಕು, ಆಮೇಲೆ ಉಗುಳಬೇಕು. ವರ್ಷಗಟ್ಟಲೆಯ ಅಭ್ಯಾಸ ಬಿಡುತ್ತದೆಯೇ? ಮೂವರೂ ಒಟ್ಟಿಗೆ ಸುರ್ರ್‌ರ್ ಎಂದರು.

ಗುಳ್ಳೆಯ ವೈನು ಚಹಾದ ಹಾಗೆ ಹೇಳಿದ ಮಾತು ಕೇಳುವುದಲ್ಲ. ಬಾಯೊಳಗೆ ಒಂದಕ್ಕೆ ಹತ್ತಾಗಿ ಉಬ್ಬಿ, ಮುಂದೆ ದಾರಿ ಕಾಣದೆ ಮೂರೂ ಮೂಗಿನಿಂದ ನೊರೆಯಾಗಿ ಹೊರಬಂತು. ಚೀಫರ ಮೀಸೆ ಬೆಳ್ಳಗಾಯಿತು.

"ಟೀ ಅಲ್ಲ ಕಣ್ರಪ್ಪಾ ಅದು!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

ರಾಯರಿಗೆ ಎದೆಯಲ್ಲಿ ಆಸೆ ಚಿಗುರಿತು. ಇಷ್ಟು ತೊಳೆದ ಮೇಲಾದರೂ ಮೂಗು ತೆರೆದಿರಬಹುದು! ಗ್ಲಾಸಿಗೆ ಮೂಗು ಹಾಕಿ ಉಸಿರೆಳೆದರು. ಏನೂ ಬರಲಿಲ್ಲ. ಖಾಲಿ ಗಾಳಿ.

"ಸರಿ, ಈಗ ಪರೀಕ್ಷೆ," ಎಂದು ಅಕ್ಕ ಮೇಜಿನ ಮೇಲೆ ಐದು ಗ್ಲಾಸು ಸಾಲಾಗಿ ಇಟ್ಟರು. "ಇದ್ರಲ್ಲಿ ಒಂದು ಗ್ಲಾಸು ಕೆಟ್ಟ ಬಿರಡೆ ಹಾಕಿದ್ದ ಬಾಟ್ಲಿದು. ಬಣ್ಣ ಅದೇ, ಗುಳ್ಳೆ ಅದೇ. ವಾಸನೆ ಒಂದೇ ಬೇರೆ. ಬಾಯಿಗೆ ಹಾಕೋ ಹಾಗಿಲ್ಲ, ಮೂಸಿ ನೋಡಿ ಚೀಟಿಲಿ ನಂಬರ್ ಬರೀರಿ. ತಮ್ಮಾ, ನೀನೂ ಬರಿ."

"ನಾನ್ಯಾಕಕ್ಕಾ? ನಾನು ಹೋಗೋನು."

"ಹೋಗೋ ಮುಂಚೆ ಬರಿ."

ಮೂವರೂ ಮೇಜಿನ ಸುತ್ತ ನಿಂತರು. ಮೊದಲ ಗ್ಲಾಸು ಎತ್ತಿದರು. ರಾಯರು ಗ್ಲಾಸಿನ ಅಂಚಿನ ಮೇಲಿಂದ ಚಷ್ಮಾನ ಕನ್ನಡಕವನ್ನೇ ನೋಡುತ್ತಿದ್ದರು. ಅದು ಅಲುಗಲಿಲ್ಲ. ಎರಡನೆಯದು. ಅಲುಗಲಿಲ್ಲ. ಮೂರನೆಯದೂ ಹಾಗೇ. ಹಾಳಾದವನು ಇವತ್ತು ಎಷ್ಟು ಹೊತ್ತು ಮಾಡುತ್ತಾನೆ ಎಂದು ಕಾದು ಕಾದು ರಾಯರ ಕತ್ತು ನೋಯತೊಡಗಿತು. ಚೀಫ್ ಕೂಡ ಆತುರಪಡದೆ ನಿಂತಿದ್ದರು. ಅನುಭವಸ್ಥರು, ಅವಸರವಿಲ್ಲ ಎಂದುಕೊಂಡರು ರಾಯರು.

"ಬೇಗ ಬರೀರಪ್ಪಾ, ಗುಳ್ಳೆಯೆಲ್ಲಾ ಆರಿಹೋಗುತ್ತೆ!"

ನಾಲ್ಕನೆಯ ಗ್ಲಾಸು ಎತ್ತಿದಾಗ ಒಂದು ಗುಳ್ಳೆ ರಾಯರ ಮೂಗಿನ ಹೊಳ್ಳೆಯಲ್ಲೇ ಪಟ್ಟೆಂದು ಒಡೆಯಿತು. ಅವರ ಮುಖ ಒಂದು ಕ್ಷಣ ಸಿಂಡರಿಸಿತು. ಎದುರಿಗಿದ್ದ ಚೀಫರ ಎಡ ಹುಬ್ಬು ಸರ್ರನೆ ಮೇಲೇರಿತು. ಅದರ ಹಿಂದೆಯೇ ಚಷ್ಮಾನ ಬೆರಳು ಕನ್ನಡಕವನ್ನು ಮೇಲಕ್ಕೆ ತಳ್ಳಿತು. ಅಬ್ಬಾ, ಸಿಕ್ಕಿತು! ರಾಯರು ಒಂದೇ ಉಸಿರಿಗೆ "ನಾಲ್ಕು" ಎಂದು ಬರೆದರು.

ಅಕ್ಕ ಚೀಟಿ ಬಿಚ್ಚಿದರು. ನಾಲ್ಕು. ನಾಲ್ಕು. ನಾಲ್ಕು.

"ಮೂವರದ್ದೂ ಒಂದೇ!" ಎಂದು ರಾಯರು ಕುಪ್ಪಳಿಸಿದರು.

"ಹೂಂ, ಒಂದೇ," ಎಂದರು ಅಕ್ಕ. "ಮೂವರದ್ದೂ ಒಂದೇ ತಪ್ಪು. ಕೆಟ್ಟಿರೋದು ಎರಡನೇದು."

"ನಾನೂ ಎರಡನೇದೇ ಅಂದ್ಕೊಂಡೆ," ಎಂದ ಮೂಲೆಯಲ್ಲಿ ನಿಂತಿದ್ದ ಡ್ರೈವರಣ್ಣ. "ಇಲ್ಲಿವರೆಗೂ ಒದ್ದೆ ಗೋಣಿಚೀಲದ ವಾಸನೆ ಹೊಡೀತಿದೆ."

ಮೊದಲು ಕೂತದ್ದು ಚೀಫ್. ಮೀಸೆಯ ನೊರೆ ಒರೆಸಿಕೊಂಡು ಹೇಳಿದರು: "ಇನ್ನು ಮುಚ್ಚಿಟ್ಟು ಫಲ ಇಲ್ಲ. ಆ ನೆಗಡಿ ಬಂತಲ್ಲ, ಅವತ್ತಿಂದ ನಂಗೆ ವಾಸನೇನೇ ಇಲ್ಲ. ನಿವೃತ್ತಿ ಮುಂಚೆ ಮಾನ ಹೋಗೋದು ಬೇಡ ಅಂತ ರಾಯರ ಮುಖ ನೋಡ್ಕೊಂಡು ಸಹಿ ಹಾಕ್ತಿದ್ದೆ."

"ಸಾರ್!" ಚಷ್ಮಾ ಅಳುವಂತಾದ. "ನಂಗೂ ಇಲ್ಲ. ನಾನು ನಿಮ್ಮ ಹುಬ್ಬು ನೋಡ್ಕೊಂಡು ಕೆಲಸ ಮಾಡ್ತಿದ್ದೆ."

ಇಬ್ಬರೂ ರಾಯರ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ಎಂಥ ಭಕ್ತಿ!

"ಅಂದ್ರೆ ಮೂರು ವಾರ ಕಂಪನಿನ ಉಳಿಸಿದ್ದು ಇವರೊಬ್ಬರ ಮೂಗು," ಎಂದು ಚೀಫ್ ಎದ್ದು ರಾಯರ ಎರಡೂ ಕೈ ಹಿಡಿದುಕೊಂಡರು. "ಈಗ ನೊರೆ ಏರಿ ಒಂದು ಸಲ ತಪ್ಪಿದ್ದೀರಿ, ಅದು ಲೆಕ್ಕಕ್ಕಿಲ್ಲ. ಕುರ್ಚಿ ನಿಮ್ದೇ ರಾಯರೇ!"

ಒಪ್ಪಿಕೊಳ್ಳಬೇಕಿದ್ದ ಹೊತ್ತು ಅದೇ. ರಾಯರು ಬಾಯಿ ತೆರೆದದ್ದೂ ಹೌದು. ಆದರೆ "ಕುರ್ಚಿ ನಿಮ್ದೇ" ಎಂಬ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ತೆರೆದ ಬಾಯಿಂದ ಬೇರೆಯೇ ಮಾತು ಹೊರಟಿತು. "ಎಲ್ಲಾ ನಿಮ್ಮ ಆಶೀರ್ವಾದ ಸಾರ್!"

ಸಂಭ್ರಮ ತಡೆಯಲಾರದೆ ಮೇಜಿನ ಕೊನೆಯಲ್ಲಿ ನೊರೆಯಾಡುತ್ತಿದ್ದ ಒಂದು ದೊಡ್ಡ ಗ್ಲಾಸನ್ನು ಎತ್ತಿಕೊಂಡರು. ಕಣ್ಣು ಮುಚ್ಚಿ, ಮೂಗಿಗೆ ಹಿಡಿದು, ನೆಲಮಾಳಿಗೆಯ ಗಾಳಿಯನ್ನೆಲ್ಲ ಒಳಗೆಳೆದರು. "ಆಹಾ! ಈಗ ಮೂಗು ದಾರಿಗೆ ಬಂತು ನೋಡಿ. ಮಾಗಿದ ಸೇಬು, ಹುರಿದ ಬಾದಾಮಿ, ಹಿಂದೆಯೇ ಸ್ವಲ್ಪ ಜೇನು..."

"ಕುಡೀಬೇಡಿ ರಾಯರೇ!" ಡ್ರೈವರಣ್ಣ ಓಡಿ ಬಂದು ಗ್ಲಾಸು ಕಿತ್ತುಕೊಂಡ. "ಗ್ಲಾಸ್ ತೊಳೆಯೋ ಸೋಪಿನ ನೀರು ಅದು!"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣದೇ ಇರುತ್ತದೆಯೇ? ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿದರು, "ನಿಮ್ಗೂ ಇಲ್ವಾ?"

"ಇಲ್ಲ ಅಕ್ಕಾ." ರಾಯರ ದನಿ ಹೊಟ್ಟೆಯೊಳಗಿಂದ ಬಂತು. "ನಾನು ಚಷ್ಮಾನ ಕನ್ನಡಕ ನೋಡ್ಕೊಂಡು ಬರೀತಿದ್ದೆ."

ಅಕ್ಕ ಬೆರಳಿನಿಂದ ಗಾಳಿಯಲ್ಲಿ ಲೆಕ್ಕ ಹಾಕಿದರು. "ನೀವು ಇವನನ್ನ, ಇವನು ತಮ್ಮನನ್ನ, ತಮ್ಮ ನಿಮ್ಮನ್ನ. ಹಾಗಾದ್ರೆ ಮೂರು ವಾರ ಟೀ ನೋಡಿದ್ಯಾರು?"

ಚೀಫರ ಮುಖ ಬಿಳಿಚಿಕೊಂಡಿತು. ಆಗ ಡ್ರೈವರಣ್ಣ ತಲೆ ಕೆರೆದುಕೊಂಡು ಬಾಯಿಬಿಟ್ಟ.

"ನಿನ್ನೆ ಬಂದೋನೇ ಲೋಡ್ ಮಾಡ್ತಿದ್ದೆ ಸಾರ್. ಹನ್ನೆರಡು ಚೀಲ ಬೂಸ್ಟು ಹಿಡಿದ ವಾಸನೆ ಬಂತು. ಹನ್ನೆರಡು ವರ್ಷ ಟೀ ಚೀಲದ ಜೊತೇಲೇ ಓಡಾಡಿದೀನಿ, ಗೊತ್ತಾಗಲ್ವಾ? ಸ್ಟೋರಿನೋರಿಗೆ ಹೇಳಿದ್ರೆ, 'ಮೂರು ಜನ ದೊಡ್ಡೋರು ಸಹಿ ಹಾಕಿದ್ದಾರೆ, ನಿನ್ನದೇನೋ' ಅಂತ ಬೈದ್ರು. ಮನಸ್ಸು ಕೇಳ್ಲಿಲ್ಲ. ಬೇರೆ ಎತ್ತಿಟ್ಟಿದ್ದೀನಿ. ತಪ್ಪಾಯ್ತಾ?"

ಚೀಫ್ ಅವನನ್ನು ತಬ್ಬಿಕೊಂಡರು. "ತಪ್ಪಾ? ಕಂಪನಿ ಮಾನ ಉಳಿಸಿದ್ಯಲ್ಲೋ!" ಅಕ್ಕನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಆರು ಬಾಟಲಿ ತಂದು ಅವನಿಗೆ ಮೂಸಲು ಕೊಟ್ಟರು. ಅವನು ಆರನ್ನೂ ತಪ್ಪಿಲ್ಲದೆ ಹಳತು, ಹೊಸತು ಎಂದು ಬೇರೆ ಮಾಡಿಟ್ಟ. ಚಷ್ಮಾ ತನ್ನ ದುಃಖ ಮರೆತು ಶಿಳ್ಳೆ ಹೊಡೆದ.

"ಉಳಿದದ್ದೆಲ್ಲಾ ಕಲಿಸಬಹುದು, ಮೂಗು ಕಲಿಸೋಕಾಗುತ್ತಾ?" ಎಂದರು ಚೀಫ್. "ನಿಮ್ಮಿಬ್ಬರ ಮೂಗು ವಾಪಸ್ ಬರೋವರೆಗೂ ಕುರ್ಚಿಲಿ ಇವನೇ ಕೂರ್ಲಿ. ನೀವಿಬ್ರೂ ಪಕ್ಕದಲ್ಲಿ ನಿಂತು ಇವನು ಹೇಳಿದ್ದು ಬರ್ಕೊಳ್ಳಿ."

"ವಾಪಸ್ ಬರದೇ ಇದ್ರೆ ಸಾರ್?" ಎಂದು ಕೇಳಿದರು ರಾಯರು.

ಚೀಫ್ ಆ ಪ್ರಶ್ನೆ ಕೇಳಿಸದವರ ಹಾಗೆ ಬಾಟಲಿ ಎತ್ತಿಕೊಂಡರು. ಢಬ್ ಎಂದಿತು. ಹೊಸ ಮುಖ್ಯಸ್ಥನ ಹೆಸರಲ್ಲಿ ಎಲ್ಲರ ಗ್ಲಾಸೂ ತುಂಬಿದವು. ಡ್ರೈವರಣ್ಣ ಈ ಸಲ ಬೇಡವೆನ್ನಲಿಲ್ಲ. ಮಗಳ ಹೆಸರಲ್ಲೊಂದು, ಕುರ್ಚಿಯ ಹೆಸರಲ್ಲೊಂದು ಕುಡಿದ. ಉಗುಳಬೇಕೆಂದು ಅವನಿಗೆ ಯಾರೂ ಹೇಳಲೂ ಇಲ್ಲ. ರಾಯರಿಗೆ ಮಾತ್ರ ಒಂದು ಗುಟುಕೂ ಇಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲವಲ್ಲ.

ಹೊರಡುವ ಹೊತ್ತಿಗೆ ಪ್ರಶ್ನೆ ಎದ್ದಿತು. ಡ್ರೈವರಣ್ಣ ಕುಡಿದಿದ್ದ. ಚೀಫೂ ಚಷ್ಮಾನೂ ಅವನಿಗಿಂತ ಹೆಚ್ಚು ಕುಡಿದಿದ್ದರು. ನೆಟ್ಟಗೆ ನಿಂತಿದ್ದವರು, ಲೈಸೆನ್ಸ್ ಇದ್ದವರು ರಾಯರೊಬ್ಬರೇ. ಡ್ರೈವರಣ್ಣ ಅಭ್ಯಾಸದಂತೆ ಬಲಗಡೆಯ ಬಾಗಿಲಿಗೆ ಕೈ ಹಾಕಿದಾಗ ಚೀಫ್ ತಡೆದರು.

"ಅಲ್ಲಲ್ಲ, ನೀವು ಈ ಕಡೆ ನನ್ನ ಸೀಟಲ್ಲಿ ಕೂತ್ಕೊಳ್ಳಿ."

ಅವರು ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ರಾಯರು ಸ್ಟೇರಿಂಗ್ ಹಿಂದೆ ಕೂತು ವ್ಯಾನು ಇಳಿಜಾರಿಗೆ ಬಿಟ್ಟರು. ಹಿಂದಿನ ಸೀಟಿನಲ್ಲಿ ಚೀಫ್ ಮತ್ತು ಚಷ್ಮಾ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿದ್ದೆ ಹೋಗಿದ್ದರು. ಮುಂದಿನ ಸೀಟಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂತಿದ್ದ. ಆಮೇಲೆ ಸಂಕೋಚದಿಂದಲೇ ಕೇಳಿದ.

"ಸೋಮವಾರ ರುಚಿಕೋಣೆ ಎಷ್ಟು ಗಂಟೆಗೆ ತೆಗೀತಾರೆ ರಾಯರೇ?"

"ಒಂಬತ್ತಕ್ಕೆ."

"ಓ, ಒಂಬತ್ತಕ್ಕಾ." ಅವನು ಸ್ವಲ್ಪ ಯೋಚಿಸಿದ. "ಹಾಗಾದ್ರೆ ಎಂಟೂವರೆಗೆ ವ್ಯಾನು ನಮ್ಮನೆ ಹತ್ರ ತಂದ್ಬಿಡಿ."