ಮೂವತ್ತೊಂದನೇ ಪುಟ

ಬೆಳ್ಳಿಗರಿ ಎಂಬ ಅಡುಗೆ ವನಸ್ಪತಿಗೆ ಐವತ್ತು ವರ್ಷ ತುಂಬಿದ್ದಕ್ಕೆ ಕಂಪನಿ ಅದರ ಚರಿತ್ರೆ ಬರೆಸಿತು. ಬರೆದವನು ಪ್ರಚಾರ ವಿಭಾಗದ ಗುಮಾಸ್ತ. ಮೊದಲ ವರ್ಷ ಜನ ಅದನ್ನು ಮೇಣವೆಂದು ಮುಟ್ಟದೆ ಹೋದದ್ದು, ಕಂಪನಿಯವರು ಬೀದಿ ಮೂಲೆಯಲ್ಲಿ ಒಲೆ ಹೂಡಿ ಕರಿದು ಕರಿದು ಪುಕ್ಕಟೆ ಹಂಚಿದ್ದು, ತಿಂದರೆ ಕಣ್ಣು ಹೋಗುತ್ತದೆಂಬ ಗಾಳಿಮಾತು ಹಬ್ಬಿದ್ದು, ಎಲ್ಲವನ್ನೂ ಸ್ವಂತ ಮನೆತನದ ಕತೆಯಂತೆ ಬರೆದಿದ್ದ. ಬೆಳ್ಳಿಗರಿಯನ್ನು ಯಾರಾದರೂ ‘ಆ ಕೊಬ್ಬು’ ಎಂದರೆ ಅವನ ಕಿವಿ ಕೆಂಪಾಗುತ್ತಿತ್ತು.

ಮೂವತ್ತೊಂದನೇ ಪುಟ ಅವನ ತಾಯಿಯದು. ‘ಈ ಅಡುಗೆಮನೆಗೆ ಬೆಣ್ಣೆ ಕಾಲಿಡುವುದಿಲ್ಲ. ಈ ತಾಯಿ ಬಿಸ್ಕತ್ತು ಮಾಡುವುದು ಬೆಳ್ಳಿಗರಿಯಲ್ಲೇ.’ ಅಕ್ಷರ ಅಚ್ಚಾಗಿತ್ತು. ಫೋಟೋಕ್ಕೆ ಜಾಗ ಬಿಟ್ಟಿತ್ತು. ಅದನ್ನು ತೆಗೆಸಲು ಮ್ಯಾನೇಜರ್ ತಾವೇ ಈ ದಿನ ನಾಲ್ಕು ಗಂಟೆಗೆ ಮನೆಗೆ ಬರುವವರಿದ್ದರು. ಅವರು ಮೆಚ್ಚಿದರೆ ಖಾಲಿ ಬಿದ್ದಿರುವ ವಿಭಾಗ ಮುಖ್ಯಸ್ಥನ ಕುರ್ಚಿ ಗುಮಾಸ್ತನದು.

ಮೂರು ಗಂಟೆಗೆ ಅವನು ಅಡುಗೆಮನೆಗೆ ಬಂದ. ನೌಕರರಿಗೆ ತಿಂಗಳಿಗೊಂದು ಡಬ್ಬ ಕಂಪನಿಯೇ ಕೊಡುತ್ತಿತ್ತು. ಅವನು ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು.

“ಅಮ್ಮಾ, ಈ ತಿಂಗಳ ಡಬ್ಬ ಎಲ್ಲಿ? ಫೋಟೋದಲ್ಲಿ ನಿನ್ನ ಪಕ್ಕ ಇರ್ಬೇಕು.”

ತಾಯಿ ಬಿಸ್ಕತ್ತಿನ ತಟ್ಟೆಯಿಂದ ತಲೆ ಎತ್ತಲಿಲ್ಲ. “ಎದುರು ಮನೆ ಟೈಲರ್ ಹೆಂಡ್ತಿ ಹತ್ರ.”

“ಅಲ್ಲಿಗ್ಯಾಕೆ ಹೋಯ್ತು?”

“ತಿಂಗಳು ತಿಂಗಳೂ ಹೋಗುತ್ತೆ. ಅವಳ ತವರಿಂದ ಬೆಣ್ಣೆ ಬರುತ್ತಲ್ಲ, ಡಬ್ಬ ಕೊಟ್ಟು ಬೆಣ್ಣೆ ತಗೋತೀನಿ.”

“ಅಂದ್ರೆ ಇಪ್ಪತ್ತೆರಡು ವರ್ಷದಿಂದ ನಾನು ತಿಂದಿದ್ದು?”

“ಬೆಣ್ಣೆ ಕಣೋ. ಇಲ್ದಿದ್ರೆ ನಿನ್ನ ಮುಖಕ್ಕೆ ಈ ಕಳೆ ಎಲ್ಲಿಂದ ಬರ್ತಿತ್ತು?”

ಆ ಮುಖ ಈಗ ಒಲೆಯಲ್ಲಿ ಮರೆತುಹೋದ ಬಿಸ್ಕತ್ತಿನಂತಾಗಿತ್ತು. “ಅಚ್ಚಾಗಿದೆಯಮ್ಮ! ಮೂವತ್ತೊಂದನೇ ಪುಟ!”

“ನನ್ನ ಕೇಳಿ ಬರೆದ್ಯಾ?”

ಗುಮಾಸ್ತ ಬೀದಿ ದಾಟಿದ. ಟೈಲರ್ ಹೆಂಡತಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. “ಡಬ್ಬಾನಾ ಅಣ್ಣ? ಬೆಳಿಗ್ಗೆನೇ ಬೇಕರಿಗೆ ಹೋಯ್ತಲ್ಲ. ಅದಕ್ಕೆ ಅವರು ತಿಂಗಳಿಡೀ ಬ್ರೆಡ್ ಕೊಡ್ತಾರೆ.”

“ನೀವಾದ್ರೂ ತಿನ್ನಬಾರ್ದಾ?”

“ಅಯ್ಯೋ, ಮಕ್ಕಳಿರೋ ಮನೆ ನಮ್ದು!”

“ಐವತ್ತು ವರ್ಷದಲ್ಲಿ ಒಬ್ಬರದಾದ್ರೂ ಕಣ್ಣು ಹೋಗಿದೆಯೇನ್ರೀ?” ಎಂದು ಅವನು ತನ್ನ ಚರಿತ್ರೆಯ ಏಳನೇ ಪುಟವನ್ನು ಗಟ್ಟಿಯಾಗಿ ಒಪ್ಪಿಸತೊಡಗಿದ. ಪಕ್ಕದ ಕಿಟಕಿಯಿಂದ ನಿವೃತ್ತ ಮೇಷ್ಟ್ರ ತಲೆ ಹೊರಬಂತು. “ಸರಿಯಾಗಿ ಹೇಳ್ದೆ ಕಣಯ್ಯ. ಒಳ್ಳೇ ಮಾಲು ಅದು. ಕಿರ್ರನ್ನೋ ಗೇಟಿಗೆ ಒಂದು ಚಮಚ ಬಳಿದೆ, ನಾಲ್ಕು ವರ್ಷದಿಂದ ಸದ್ದಿಲ್ಲ. ಅದನ್ನೂ ಬರಿ.”

ಬೇಕರಿಯ ಬೋರ್ಡಿನಲ್ಲಿ ‘ಅಪ್ಪಟ ಬೆಣ್ಣೆ ಮಾತ್ರ’ ಎಂದಿತ್ತು.

“ಆ ಕೊಬ್ಬು ನಮ್ಮ ಹೊಸ್ತಿಲು ತುಳಿಯೋದೇ ಇಲ್ಲ ಸ್ವಾಮಿ,” ಎಂದ ಬೇಕರಿಯವನು, ಮೊಣಕೈವರೆಗೆ ಜಿಡ್ಡು ಮೆತ್ತಿಕೊಂಡು. ಅವನ ಬೆನ್ನ ಹಿಂದೆ ಒಳಬಾಗಿಲು ತೆರೆದಿತ್ತು. ಅಲ್ಲಿ ಬೆಳ್ಳಿಗರಿ ಡಬ್ಬಗಳು ಸೂರು ಮುಟ್ಟಿದ್ದವು.

“ಹಾಗಾದ್ರೆ ಅವೇನು?”

“ಅವು... ಕೂರೋಕೆ.”

“ನಲವತ್ತಿವೆ! ಮದುವೆ ಮಾಡಿಸ್ತೀರಾ ಇಲ್ಲಿ? ಬಳಸೋದೂ ಅಲ್ದೆ ಬೈಯೋದು ಬೇರೆ! ನಾಚಿಕೆ ಆಗ್ಬೇಕು ನಿಮಗೆ!”

ಬೇಕರಿಯವನು ಕೈಮುಗಿದ. “ಗಿರಾಕಿಗಳಿದಾರೆ, ಮೆಲ್ಲಗೆ. ನಿಮ್ಮ ಡಬ್ಬ ಒಯ್ಯಿರಿ. ಬಾಯಿ ಮಾತ್ರ ಬಿಡ್ಬೇಡಿ.”

ಅರ್ಧ ಖಾಲಿಯಾದ ಡಬ್ಬವನ್ನು ಕೂಸಿನಂತೆ ಎದೆಗವಚಿಕೊಂಡು ಗುಮಾಸ್ತ ಓಡಿದ. ಮನೆ ಮುಂದೆ ಜೀಪು ನಿಂತಿತ್ತು. ಹೇಗೋ ತಾಯಿ, ಡಬ್ಬ, ಬಿಸ್ಕತ್ತು ಮೂರೂ ಒಂದೇ ಫೋಟೋದಲ್ಲಿ ಸೇರಿದವು. ಕುರ್ಚಿ ಇನ್ನೇನು ಕೈಗೆ ಬಂತು.

“ತಗೊಳ್ಳಿ ಸರ್, ಬೆಳ್ಳಿಗರಿ ಬಿಸ್ಕತ್ತು,” ಎಂದು ತಟ್ಟೆ ಚಾಚಿದ.

ಮ್ಯಾನೇಜರ್ ಬಿಸಿ ಬಾಣಲೆ ತಗುಲಿದಂತೆ ಕೈ ಎಳೆದುಕೊಂಡರು. “ಈ ಮಾತು ನಮ್ಮಲ್ಲೇ ಇರ್ಲಿ ಕಣ್ರೀ, ನಾನು ಅದನ್ನ ಮುಟ್ಟಲ್ಲ. ಮಾರೋದು ಬೇರೆ, ತಿನ್ನೋದು ಬೇರೆ.” ಚೀಲದಿಂದ ಅದೇ ಬೇಕರಿಯ ಪೊಟ್ಟಣ ತೆಗೆದು ಒಂದನ್ನು ಕಡಿದರು. “ಹದಿನೈದು ವರ್ಷದಿಂದ ನಮ್ಮನೇಲಿ ಇದೇ. ಅಪ್ಪಟ ಬೆಣ್ಣೆ. ನಾಲಿಗೆಗೆ ಗೊತ್ತಾಗುತ್ತೆ ರೀ!”

ಗುಮಾಸ್ತ ಸುಮ್ಮನಿರಬಹುದಿತ್ತು. ಆದರೆ ತಾಯಿ, ಟೈಲರ್ ಹೆಂಡತಿ, ಮೇಷ್ಟ್ರ ಗೇಟು, ಎಲ್ಲ ಅವಮಾನ ಒಟ್ಟಿಗೇ ಗಂಟಲಿಗೆ ಬಂತು.

“ಸರ್, ನೀವು ತಿಂತಿರೋದೇ ಬೆಳ್ಳಿಗರಿ! ಡಬ್ಬಗಳನ್ನ ಕಣ್ಣಾರೆ ನೋಡಿ ಬಂದಿದೀನಿ! ಇಡೀ ಬೀದೀಲಿ ತಿಳಿದು ತಿನ್ನೋರು ಒಬ್ಬರೂ ಇಲ್ಲ, ನಾನೂ ಇಲ್ಲ!”

“ಹೌದಪ್ಪ,” ಎಂದಳು ತಾಯಿ. “ಇವನಿಗೆ ನಾನು ಒಂದು ದಿನಾನೂ ಅದನ್ನ ಹಾಕಿಲ್ಲ. ನಮ್ದು ತಗೊಳ್ಳಿ, ಬೆಣ್ಣೇದು.”

ಮ್ಯಾನೇಜರ್ ಅಗಿಯುವುದನ್ನು ನಿಲ್ಲಿಸಿದರು. ಪೊಟ್ಟಣ ಕೆಳಗಿಟ್ಟರು. ತಾಯಿಯ ತಟ್ಟೆಯಿಂದ ಒಂದು ತಿಂದರು, ಇನ್ನೊಂದು ತಿಂದರು, ತಟ್ಟೆ ಖಾಲಿಯಾದ ಮೇಲೆ ಬಾಯಿ ಒರೆಸಿಕೊಂಡರು.

“ಬಳಸದವರಿಗೆ ಡಬ್ಬ ಯಾಕ್ರೀ? ಈ ತಿಂಗಳಿಂದ ಬಂದ್.”

“ಸರ್, ಕುರ್ಚಿ...?”

“ಹೆತ್ತ ತಾಯಿಯನ್ನೇ ಒಪ್ಪಿಸೋಕಾಗದವರು ಊರಿಗೇನು ಪ್ರಚಾರ ಮಾಡ್ತೀರಿ?” ಎಂದು ಆ ಅರ್ಧ ಡಬ್ಬವನ್ನೂ ಜೀಪಿಗೆ ಹಾಕಿಸಿಕೊಂಡು ಹೊರಟರು.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹಬ್ಬಿತು. ಬ್ರೆಡ್ ಕಳೆದುಕೊಂಡ ಟೈಲರ್ ಹೆಂಡತಿ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ತಾಯಿ ಚೀಲ ಹಿಡಿದು ಅಂಗಡಿಗೆ ಹೋಗಿಬಂದಳು. ಮಗನ ಮುಂದೆ ಒಂದು ಪ್ಯಾಕೆಟ್ ಕುಕ್ಕಿದಳು. ಅದರ ಮೇಲೆ ಬೆಳ್ಳಿ ಬಣ್ಣದ ಗರಿಯಿತ್ತು.

“ಡಬ್ಬ ಹೋಯ್ತು, ಬೆಣ್ಣೆ ಹೋಯ್ತು. ಇನ್ಮೇಲೆ ಇದೇ. ಕೊಂಡು ತಂದಿದೀನಿ, ತಿನ್ನು.”

ಮೂವತ್ತೊಂದನೇ ಪುಟದಲ್ಲಿ ಈಗ ಒಂದಕ್ಷರವೂ ಸುಳ್ಳಿರಲಿಲ್ಲ.