ನೈರುತ್ಯದ ಕೋಣೆ ಕೆಂಪಾದದ್ದು

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಸೋಲುವವನಲ್ಲ. ಫೋನು ಬಂದರೆ ಹೆದರುತ್ತೇನೆ, ಬಹಳ ಹೊತ್ತು ಬಾರದಿದ್ದರೂ ಹೆದರುತ್ತೇನೆ. ನಂಜನಗೂಡಿನಲ್ಲಿ ಮನೆಗಳ ಪ್ಲಾನ್ ಬರೆದುಕೊಡುವ ಸಣ್ಣ ಅಂಗಡಿ ನನ್ನದು. ಬರೆದ ಗೋಡೆ ನಿಲ್ಲುತ್ತದೋ ಇಲ್ಲವೋ ಎಂಬ ಭಯವೇ ನನ್ನಂಥ ಪುಕ್ಕಲನಿಗೆ ಧಾರಾಳವಾಗಿತ್ತು. ಅಷ್ಟರಲ್ಲಿ ಬೆಂಗಳೂರಿನಿಂದ ಓದಿಕೊಂಡ ಒಂದಷ್ಟು ಜನ ಬಂದರು. ಊರೂರಿನ ಮನೆಗಳನ್ನು ಅಳೆದು, ಯಾವುದು ಎಷ್ಟು ಕಾಯುತ್ತದೆ, ತಂಪು ಮಾಡೋಕೆ ಎಷ್ಟು ಕರೆಂಟು ತಿನ್ನುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕ್ಷೆ ಮಾಡುತ್ತಾರಂತೆ. ತಂಪು ಮನೆ ಹಸಿರು, ಕಾಯುವ ಮನೆ ಕೆಂಪು. ನಂಜನಗೂಡು, ತಿ. ನರಸೀಪುರ ಎರಡನ್ನೂ ಬಲ್ಲವನು ಬೇಕು ಅಂತ ನನ್ನನ್ನು ಹಿಡಿದರು. ಇಲ್ಲ ಎನ್ನಲು ಹೆದರಿ ಹೂಂ ಅಂದೆ.

ಶಾಖ ಅಳೆಯೋಕೆ ಪಿಸ್ತೂಲಿನಂಥ ಒಂದು ಯಂತ್ರ ಕೊಟ್ಟಿದ್ದರು, ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರದ್ದು. ನರಸೀಪುರದ ಒಂದು ಮನೆಯಲ್ಲಿ, ಸೋಸಲೆಯಿಂದ ಮಗಳನ್ನು ನೋಡಲು ಬಂದಿದ್ದ ಅಜ್ಜಿ ಅದನ್ನು ಕಂಡ ಕೂಡಲೇ ಸೆರಗು ಸರಿಸಿ ಹಣೆ ಚಾಚಿದರು. "ನಿಮಗಲ್ಲ ಅಜ್ಜಿ, ಸೂರಿಗೆ" ಎಂದೆ. "ಅಯ್ಯೋ ಸಿವನೇ, ಸೂರ್ಗೂ ಬಂದೈತಾ ರೋಗ!" ಎಂದು ಅವರು ಬೀದಿಗೆ ಓಡಿದರು. ಅವರು ಓಡಿದ್ದು ನೋಡಿ ಗಾಬರಿಯಾಗಿ ನಾನೂ ಓಡಿದೆ.

ನಿಜವಾದ ಭಯ ಹುಟ್ಟಿದ್ದು ನಕ್ಷೆ ಫೋನಿಗೆ ಬಂದ ದಿನ. ಹಳೇ ಹೆಂಚಿನ ಮನೆಗಳೆಲ್ಲ ಹಸಿರಾಗಿ ಕೂತಿದ್ದವು. ನರಸೀಪುರದ ಹೊಸ ಬಡಾವಣೆಯ ಒಂದು ಮೂಲೆ ಮಾತ್ರ ಮೆಣಸಿನಕಾಯಿ ಒಣಹಾಕಿದ ಹಾಗೆ ಕೆಂಪು. ಬೆರಳಿಟ್ಟು ದೊಡ್ಡದು ಮಾಡಿ ನೋಡಿದೆ. ಒಂದೊಂದೂ ನಾನು ಬರೆದ ಮನೆ! ಎಲ್ಲರಿಗೂ ಅದೇ ಪ್ಲಾನ್ ಕೊಟ್ಟಿದ್ದೆ: ವಾಸ್ತು ಪ್ರಕಾರ ಯಜಮಾನರ ಕೋಣೆ ನೈರುತ್ಯಕ್ಕೆ, ಅಂದಕ್ಕೆ ಪಡುವಣ ಗೋಡೆಯುದ್ದಕ್ಕೂ ಗಾಜು. ವಾಸ್ತು ನೋಡುವ ಗಡಿಬಿಡಿಯಲ್ಲಿ ಸೂರ್ಯ ಎಲ್ಲಿ ಮುಳುಗುತ್ತಾನೆಂದು ನೋಡಿರಲಿಲ್ಲ. ಮುಂದಿನ ವಾರ ಇದನ್ನು ಊರಿನವರಿಗೆಲ್ಲ ಪರದೆಯ ಮೇಲೆ ತೋರಿಸುತ್ತಾರಂತೆ. ಆಮೇಲೆ ನನ್ನ ಕೈಲಿ ಯಾರು ಪ್ಲಾನ್ ಬರೆಸುತ್ತಾರೆ? ಅಂಗಡಿ ಮುಚ್ಚುವ ಹಾಗಾದರೆ ಗತಿಯೇನು?

ಮರುದಿನವೇ ಪುಟ್ಟಸ್ವಾಮಿ ಫೋನು ಮಾಡಿದರು. ರಿಟೈರ್ಡ್ ಬಸ್ ಡ್ರೈವರು, ಕೆಂಪು ಮನೆಗಳಲ್ಲಿ ಮೊದಲನೆಯದರ ಯಜಮಾನರು, ಮಾತಾಡಿದರೆ ಹಾರನ್ ಹೊಡೆದ ಹಾಗೆ. "ಸಾ, ಮನೆ ತಕೆ ಬನ್ನಿ, ಒಸಿ ಮಾತಾಡ್ಬೇಕು."

ಹೋಗದಿದ್ದರೆ ಅವರೇ ಬಂದಾರು ಅಂತ ಹೋದೆ. ಬಾಗಿಲಲ್ಲೇ ಬೈಗುಳ ಶುರುವಾಗುತ್ತದೆ ಅಂದುಕೊಂಡಿದ್ದೆ. ಮುದ್ದೆ, ಉಪ್ಪೆಸರು, ಮೇಲೆ ಪಾಯಸ ಬಂತು. ಪಾಯಸ ಕಂಡು ಇನ್ನಷ್ಟು ಹೆದರಿದೆ. ಊಟವಾದ ಮೇಲೆ ಪುಟ್ಟಸ್ವಾಮಿ ನೈರುತ್ಯದ ಕೋಣೆಗೆ ಕರೆದುಕೊಂಡು ಹೋಗಿ, "ಬಿಸ್ಲಲ್ಲಿ ಬಂದಿದ್ದೀರಿ. ಒಂದ್ ಗಳಿಗೆ ಮಲೀಕಳಿ ಸಾ, ನೀವೇ ಬರ್ದಿರೋ ರೂಮು" ಎಂದು ಬಾಗಿಲು ಎಳೆದುಕೊಂಡರು.

ಏಪ್ರಿಲ್ ತಿಂಗಳ ಮಧ್ಯಾಹ್ನ. ಹಾಸಿಗೆ ಕಾವಲಿಯಾಗಿತ್ತು, ಫ್ಯಾನು ಬಿಸಿಗಾಳಿಯನ್ನೇ ಮುಖಕ್ಕೆ ಎರಚುತ್ತಿತ್ತು. ಎದ್ದು ಹೊರಗೆ ಹೋದರೆ ತಪ್ಪು ಒಪ್ಪಿಕೊಂಡ ಹಾಗೆ. ಅದಕ್ಕೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಗುಚಿಕೊಂಡು ಬೇಯುತ್ತಾ ಬಿದ್ದಿದ್ದೆ. ಕೊನೆಗೆ ತಡೆಯಲಾರದೆ ಹೊರಗೆ ಬಂದಾಗ ಅಂಗಿ ಹಿಂಡುವ ಹಾಗಿತ್ತು.

"ಎಂಗಿತ್ತು ಸಾ ನಿದ್ದೆ?" ಎಂದರು ಪುಟ್ಟಸ್ವಾಮಿ.

"ತುಂಬಾ ಚೆನ್ನಾಗಿತ್ತು" ಎಂದೆ.

ಅವರ ಹೆಂಡತಿ ಜಯಮ್ಮ ಟವೆಲ್ಲು ಕೊಡುತ್ತಾ ನಕ್ಕರು. "ನಾವೂ ಕೇಳ್ದೋರ್ಗೆಲ್ಲ ಅಂಗೇ ಏಳ್ಕಂಡ್ ಬಂದಿದ್ದೀವಿ ಸಾ. ಪಾಪ, ನಿಮ್ ಹೆಸ್ರು ಕೆಡಬಾರ್ದಲ್ವಾ. ಮಲಗಾದು ಮಾತ್ರ ಹಾಲ್ನಲ್ಲಿ."

ನಾಚಿಕೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪುಟ್ಟಸ್ವಾಮಿ ಕುರ್ಚಿ ಹತ್ತಿರ ಎಳೆದುಕೊಂಡರು. "ಈಗ ಮಗ್ಳು ಪಕ್ಕದ ಸೈಟಲ್ಲಿ ಮನೆ ಕಟ್ಟುಸ್ತಾವ್ಳೆ. ಪ್ಲಾನು ನೀವೇ ಬರ್ಕೊಡಿ. ಆದ್ರೆ ಗೃಹಪ್ರವೇಶದ ದಿನ ಮೊದ್ಲು ಹಸ ಬುಡಾಕಿಲ್ಲ ಸಾ, ನಿಮ್ಮನ್ನ ಬುಡ್ತೀವಿ. ಮಧ್ಯಾನ ಆ ಹೊಸ ಮನೆ ನೈರುತ್ಯದ ರೂಮಲ್ಲಿ ಮಲಗೆದ್ದು ನೀವು ನೆಟ್ಟಗೆ ಈಚೆಗ್ ಬಂದ್ರೆ, ಆಮೇಲೆ ಹಸ."

ಆಗಲಿ ಅಂದು ಬಂದಿದ್ದೇನೆ. ಈಗ ಪ್ಲಾನ್ ಮುಂದಿಟ್ಟುಕೊಂಡು ಕೂತು, ಪಡುವಣ ಕಿಟಕಿಗೆ ಬಿಸಿಲು ತಡೆಯಲು ಸಜ್ಜಾ ಎಳೆಯುತ್ತಿದ್ದೇನೆ. ಎಷ್ಟು ಎಳೆದರೂ ಧೈರ್ಯ ಬರುತ್ತಿಲ್ಲ. ಎಳೆದೂ ಎಳೆದೂ ಅದೀಗ ಕಾಂಪೌಂಡು ದಾಟಿ ಆಚೆ ಮನೆಯವರ ಅಂಗಳಕ್ಕೆ ನೆರಳಾಗಿದೆ. ಆಚೆ ಮನೆಯವರು ಪೊಲೀಸ್ ಇಲಾಖೆಯಲ್ಲಿದ್ದಾರಂತೆ.