ಸರೋಜಳ ಸೈಕಲ್ಲಿಗೆ ತಂದ ಸ್ಪ್ಯಾನರ್

ಏಳನೇ ತರಗತಿಗೆ ಹದಿನೆಂಟು ವರ್ಷದಿಂದ ಸನ್ನೆಯ ತತ್ವ ಪಾಠ ಮಾಡುತ್ತಿರುವ ನನಗೆ ಒಂದು ಸ್ಪ್ಯಾನರ್ ಆರಿಸುವುದು ಏನು ಮಹಾ ಎಂದು ನಾನು ನಂಬಿದ್ದೆ. ನಂಬಿಕೆ ಸುಳ್ಳಾಗಲಿಲ್ಲ. ಆರಿಸುವುದು ಬಹಳ ಸುಲಭವಾಗಿತ್ತು!

ನನ್ನ ಹೆಂಡತಿ ಸರೋಜ ನರಸಾಪುರದಲ್ಲಿ ಒಂದು ಫ್ಯಾಕ್ಟರಿಗೆ ಹೋಗುತ್ತಾಳೆ. ನಮ್ಮ ಊರಿಂದ ಲಕ್ಕೂರಿನವರೆಗೆ ಸೈಕಲ್, ಅಲ್ಲಿಂದ ಕಂಪನಿ ಬಸ್ಸು. ಆ ವಾರ ಅವಳು ಕೆಲಸ ಮಾಡುವ ಲೈನಿಗೆ ಹೊಸ ಲೀಡರನ್ನು ಆರಿಸುವವರಿದ್ದರು. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಒಂದು ದಿನವೂ ತಡವಾಗಬಾರದೆಂದು ಗಡಿಯಾರ ನೋಡಿಕೊಂಡೇ ಊಟ ಮಾಡುತ್ತಿದ್ದಳು. ಅಂಥ ಹೊತ್ತಿಗೆ ಸೈಕಲ್ಲಿನ ಹಿಂದಿನ ಚಕ್ರ ಒಂದು ಪಕ್ಕಕ್ಕೆ ಸರಿದು ಟೈರು ಫ್ರೇಮಿಗೆ ಉಜ್ಜತೊಡಗಿತು. ಲಕ್ಕೂರಿನ ಬಸ್ ಸ್ಟಾಪಿನ ಎದುರು ಸೈಕಲ್ ಷಾಪ್ ಇಟ್ಟಿರುವ ಬಾಷಾಭಾಯ್‌ಗೆ ತೋರಿಸುತ್ತೇನೆ ಎಂದಳು. ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಕುಳಿತಿರುವ ಗಂಡನ ಎದುರು ಆಡುವ ಮಾತೇ ಇದು? ನನಗೆ ನಿಜಕ್ಕೂ ಬೇಜಾರಾಯಿತು. ನಟ್ಟು ಸಡಿಲಿಸಿ, ಚಕ್ರ ನೇರ ಮಾಡಿ, ಮತ್ತೆ ಬಿಗಿ ಮಾಡಿದರೆ ಮುಗಿಯಿತು, ನಾನೇ ಮಾಡುತ್ತೇನೆ ಎಂದು ಘೋಷಿಸಿ ಮಾಲೂರಿಗೆ ಹೊರಟೆ.

ಹಾರ್ಡ್‌ವೇರ್ ಅಂಗಡಿಯವರು ಚಿಕ್ಕದರಿಂದ ದೊಡ್ಡದರವರೆಗೆ ನಾಲ್ಕು ಸ್ಕ್ರೂ ಸ್ಪ್ಯಾನರ್ ಸಾಲಾಗಿ ಇಟ್ಟರು. ಕತ್ತಿನ ಹತ್ತಿರದ ಸ್ಕ್ರೂ ತಿರುಗಿಸಿದರೆ ಇದರ ಬಾಯಿ ಹಿಗ್ಗುತ್ತದೆ, ಕುಗ್ಗುತ್ತದೆ. ಯಾವ ಕೆಲಸಕ್ಕೆ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದರು. ಲೇಡೀಸ್ ಸೈಕಲ್ಲಿಗೆ ಎನ್ನಲು ನಾಚಿಕೆಯಾಗಿ, ಎಲ್ಲದಕ್ಕೂ ಆಗಬೇಕು ಎಂದೆ. ಹಿಡಿ ಉದ್ದವಾದಷ್ಟೂ ಶ್ರಮ ಕಡಿಮೆ. ಇದು ಸನ್ನೆಯ ತತ್ವ. ಅದೂ ಅಲ್ಲದೆ ನಮ್ಮ ಮನೆಯಲ್ಲಿ ಯೂನಿಫಾರಂ ಆಗಲಿ, ಚಪ್ಪಲಿಯಾಗಲಿ, ಒಂದು ಸೈಜ್ ದೊಡ್ಡದನ್ನೇ ತರುವುದು ವಾಡಿಕೆ. ಮಕ್ಕಳು ಬೆಳೆಯುತ್ತವೆ. ಸೈಕಲ್ ಬೆಳೆಯುವುದಿಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೆಚ್ಚುಕಡಿಮೆ ಮೊಳದುದ್ದ ಇದ್ದದ್ದನ್ನು ಹೊತ್ತು ತಂದೆ.

ಮನೆಗೆ ಬಂದ ಹೊಸ ಸಾಮಾನನ್ನು ಪೂಜೆ ಮಾಡದೆ ಬಳಸುವ ಪದ್ಧತಿ ನಮ್ಮಲ್ಲಿಲ್ಲ. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ನಾನೇ ಕುಳಿತೆ. ಅರಿಶಿನ ಕಲಸಿ ಸ್ಪ್ಯಾನರಿನ ತಲೆಯಿಂದ ಹಿಡಿಯವರೆಗೆ ಬಳಿದೆ, ಮೇಲೆ ಧಾರಾಳವಾಗಿ ಕುಂಕುಮ ಹಚ್ಚಿದೆ.

"ರೀ, ಒಂದು ಬೊಟ್ಟು ಸಾಕು. ಸ್ಕ್ರೂ ಸಂದಿಗೆಲ್ಲ ಹೋಗ್ತಿದೆ ನೋಡಿ," ಎಂದಳು ಸರೋಜ.

ದೇವರ ಕೆಲಸದಲ್ಲಿ ಜಿಪುಣತನ ಸಲ್ಲದು ಎಂದು ಹೇಳಿ, ಒಣಗಲೆಂದು ಬಿಸಿಲಿಗೂ ಇಟ್ಟೆ.

ಹನ್ನೊಂದಕ್ಕೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದೆ. ಎರಡು ನಟ್ಟುಗಳೂ ಮೊದಲೇ ಸಡಿಲವಾಗಿದ್ದರಿಂದ ಬೆರಳಿಗೇ ಬಂದವು. ಚಕ್ರ ನೇರವಾಯಿತು. ಇನ್ನು ಬಿಗಿ ಮಾಡುವುದಷ್ಟೇ ಬಾಕಿ. ಸ್ಪ್ಯಾನರಿನ ಬಾಯಿ ಕುಗ್ಗಿಸಲು ಹೋದರೆ, ಒಣಗಿದ ಅರಿಶಿನ ಸ್ಕ್ರೂವನ್ನು ಅಲ್ಲಾಡಲು ಬಿಡಲಿಲ್ಲ. ನಟ್ಟಿಗಿಂತ ಬಾಯಿ ಒಂದು ಕೂದಲೆಳೆ ದೊಡ್ಡದಾಗಿಯೇ ನಿಂತಿತು. ಅಷ್ಟು ನಡೆಯುತ್ತದೆ ಎಂದು ತೀರ್ಮಾನಿಸಿ ಒತ್ತಿದೆ. ಜಾರಿತು. ಬೆರಳ ಗೆಣ್ಣು ತರಚಿತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ಹತ್ತು ಸಲ ಜಾರುವಷ್ಟರಲ್ಲಿ ನಟ್ಟಿನ ಮೂಲೆಗಳೆಲ್ಲ ಸವೆದು ಅದು ಗೋಲಿಯ ಹಾಗಾಯಿತು.

"ನಾನು ಒಂದ್ಸಲ ನೋಡ್ಲಾ?"

"ನಿಂಗೆ ಇದೆಲ್ಲ ತಿಳಿಯಲ್ಲ ಕಣೇ. ಹೋಗಿ ಟಿಫನ್ ಕಟ್ಕೋ."

ಇನ್ನೊಂದು ಪಕ್ಕದ ನಟ್ಟಿಗೆ ಸ್ಪ್ಯಾನರ್ ಹೇಗೋ ಕಚ್ಚಿಕೊಂಡಿತು. ಸಿಟ್ಟಿನಲ್ಲಿ ಮೈಭಾರವನ್ನೆಲ್ಲ ಹಿಡಿಯ ತುದಿಗೆ ಹಾಕಿದೆ. ಸನ್ನೆಯ ತತ್ವ ಅಕ್ಷರಶಃ ನಿಜವಾಯಿತು! ನಟ್ಟಿನೊಳಗಿನ ಥ್ರೆಡ್ ಕಿತ್ತುಹೋಗಿ, ಎಷ್ಟು ತಿರುಗಿಸಿದರೂ ಅದು ಸುಮ್ಮನೆ ಸುತ್ತತೊಡಗಿತು. ಮೊದಲು ಉಜ್ಜುತ್ತಿದ್ದ ಚಕ್ರ ಈಗ ತನ್ನ ಜಾಗದಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಆ ವಾರ ಅವಳಿಗೆ ಮಧ್ಯಾಹ್ನದ ಶಿಫ್ಟು, ಬಸ್ಸು ಒಂದು ಗಂಟೆಗೆ. ಆಗಲೇ ಹನ್ನೆರಡೂವರೆ ಆಗಿತ್ತು. ಸರೋಜ ಗಡಿಯಾರ ನೋಡಿದಳು, ನನ್ನನ್ನು ನೋಡಲಿಲ್ಲ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಿರಬಿರನೆ ನಡೆದಳು. ಸ್ಪ್ಯಾನರನ್ನು ಕ್ಯಾರಿಯರಿಗೆ ಸಿಕ್ಕಿಸಿ, ಹಿಂದಿನ ಚಕ್ರ ಎತ್ತಿ ಹಿಡಿದು, ಮುಂದಿನ ಒಂದೇ ಚಕ್ರದ ಮೇಲೆ ಸೈಕಲ್ ತಳ್ಳುತ್ತಾ ನಾನು ಹಿಂದೆ ಓಡಿದೆ. ಲಕ್ಕೂರು ಕಾಣುವ ಹೊತ್ತಿಗೆ ಬಸ್ಸು ಹೊರಟೇಬಿಟ್ಟಿತ್ತು. ಇವಳ ಅವಕಾಶ ನನ್ನ ಕೈಯಾರೆ ಹೋಯಿತಲ್ಲ ಎಂದುಕೊಂಡೆ. ಆದರೆ ನಮ್ಮನ್ನು ದೂರದಿಂದಲೇ ಕಂಡ ಬಾಷಾಭಾಯ್ ರಸ್ತೆಗಿಳಿದು ಬಸ್ಸಿಗೆ ಅಡ್ಡ ನಿಂತು, ಅಮ್ಮ ಬರುತ್ತಿದ್ದಾರೆ, ಒಂದು ನಿಮಿಷ ಎಂದು ಡ್ರೈವರನ್ನು ಒಪ್ಪಿಸಿದರು. ಸರೋಜ ಹತ್ತಿದಳು. ನನಗೆ ಅಳು ಬರುವಷ್ಟು ಸಮಾಧಾನವಾಯಿತು.

ಬಾಷಾಭಾಯ್ ನನ್ನ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು.

"ಪೂಜೆ ಭೇಷಾಗಿ ಮಾಡಿದ್ದೀರಾ ಸಾರ್. ಲಾರಿ ತಗೊಂಡ್ರಾ?"

ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಗೇಣುದ್ದದ ಒಂದು ಸ್ಪ್ಯಾನರಿನಿಂದ ಎರಡು ಹೊಸ ನಟ್ಟು ಕೂರಿಸಿಬಿಟ್ಟರು.

ಆ ಶನಿವಾರ ಸರೋಜ ಲೈನ್ ಲೀಡರ್ ಆದಳು. ಮೈಸೂರ್‌ಪಾಕ್ ತಂದು ಕೊಟ್ಟಳು. ಸಂತೋಷಕ್ಕೆ ಏನಾದರೂ ಕೇಳಬೇಕಲ್ಲ ಎಂದು, ಅವಳು ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಮೊದಲ ಬಾರಿಗೆ, ನಿಮ್ಮ ಲೈನಿನಲ್ಲಿ ನೀನು ಮಾಡುವ ಕೆಲಸವಾದರೂ ಏನು ಎಂದು ಕೇಳಿದೆ.

ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ನನ್ನ ಸ್ಪ್ಯಾನರನ್ನು ಅಡ್ಡ ಇಡುತ್ತಾ ಅವಳು ಹೇಳಿದಳು:

"ನಟ್ ಬಿಗಿ ಮಾಡೋದು ರೀ."

ದಿನಕ್ಕೆ ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.